ನೂರಾ ಏಳು ಬೀಡಿ

ಮುನಿಕೃಷ್ಣಮ್ಮ ಟೀಚರ್ ಬೋರ್ಡಿನ ಮೇಲೆ ‘ಭಾಜ್ಯ, ಭಾಜಕ, ಭಾಗಲಬ್ಧ, ಶೇಷ’ ಎಂದು ಬರೆದರು. ನಾಲ್ಕನೇ ಕ್ಲಾಸಿನ ಪುಸ್ತಕಕ್ಕೆ ಈ ಪದಗಳನ್ನು ತುರುಕಿದ ಪುಣ್ಯಾತ್ಮ ಯಾರೋ, ಕೋಗಿಲು ಊರಿನ ಮಕ್ಕಳಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ವಾರದಿಂದ ಬಾಯಿಪಾಠ ಮಾಡಿಸಿ ಟೀಚರ ಗಂಟಲು ಒಣಗಿತ್ತು.

ಕ್ಲಾಸಿನಲ್ಲಿದ್ದ ಜಾಹಿದಾ ಎಂಬ ಹುಡುಗಿಯ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಅದರಿಂದಲಾದರೂ ತಲೆಗೆ ಹೋದೀತೆಂದು ಅವಳನ್ನು ಕೇಳಿದರು: “ನೂರಾ ಏಳು ಬೀಡೀನ ಇಪ್ಪತ್ತೈದರ ಕಟ್ಟು ಮಾಡಿದ್ರೆ ಶೇಷ ಎಷ್ಟೇ?”

“ನಾಲ್ಕು ಕಟ್ಟು. ಶೇಷ ಏನೂ ಇಲ್ಲ ಟೀಚರ್.”

“ಏಳು ಮಿಗಲ್ವೇನೇ?”

“ಅದು ನಾಳೆ ಕಟ್ಟಿಗೆ ಸೇರ್ತದೆ. ನಮ್ಮನೇಲಿ ಏನೂ ಮಿಗಲ್ಲ.”

ಟೀಚರಿಗೆ ರೇಗಿತು. ಹುಡುಗಿ ಹೇಳಿದ್ದು ಸುಳ್ಳಲ್ಲವೆಂದು ಇನ್ನೂ ರೇಗಿತು. ಆದರೂ ಬಿಡಲಿಲ್ಲ. ದಿನವೂ ಸ್ಕೂಲು ಬಿಟ್ಟ ಮೇಲೆ ಕೂರಿಸಿಕೊಂಡು, ಹುಣಿಸೆಬೀಜ ಹರಡಿ ಹೇಳಿಕೊಟ್ಟರು. ಹದಿನೈದೇ ದಿನಕ್ಕೆ ಜಾಹಿದಾ ನಾಲ್ಕೂ ಪದಗಳನ್ನು ಪಟಪಟನೆ ಹೇಳಿ, ಕೊಟ್ಟ ಲೆಕ್ಕವನ್ನೆಲ್ಲ ಮಾಡತೊಡಗಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಟೀಚರು ಅಷ್ಟು ಹಿಗ್ಗಿದ್ದೇ ಇಲ್ಲ.

ಮರುವಾರ ಹುಡುಗಿ ಬರಲಿಲ್ಲ. ಟೀಚರ್ ಮನೆಗೇ ಹೋದರು. ಜಾಹಿದಾ ತಲೆ ಎತ್ತದೆ ಬೀಡಿ ಎಣಿಸುತ್ತಿದ್ದಳು. ಅವಳ ತಾಯಿ ಸುಗ್ರಾ ಎದ್ದು ಬಂದು ಸಲಾಂ ಮಾಡಿದಳು.

“ಅಲ್ಲಾ ನಿಮ್ನ ಚೆನ್ನಾಗಿಟ್ಟಿರ್ಲಿ ಟೀಚರ್. ಈಗ ಕಟ್ಟಲ್ಲಿ ಒಂದು ಬೀಡೀನೂ ಹೆಚ್ಚುಕಮ್ಮಿ ಆಗಲ್ಲ. ಲೆಕ್ಕ ಬಂತಲ್ಲ, ಇನ್ನು ಇಸ್ಕೂಲು ಯಾಕೆ?”

ಟೀಚರ್ ಬಂದ ದಾರಿಯಲ್ಲೇ ಹಿಂದಿರುಗಿದರು.

ಮಾರನೆಯ ದಿನ ಕ್ಲಾಸಿನಲ್ಲಿ ಬೀಡಿ ಕಟ್ಟುವ ಇನ್ನೊಂದು ಮನೆಯ ಹುಡುಗ ವಹಾಬನನ್ನು ಎಬ್ಬಿಸಿ, ಶೇಷ ಎಂದರೇನು ಎಂದು ಕೇಳಿದರು. ಅವನು ಬೆಬ್ಬೆಬ್ಬೆ ಎಂದು ನಿಂತ.

“ಗೊತ್ತಿಲ್ದಿದ್ರೆ ಬೇಡ ಕಣೋ, ಕೂತ್ಕೋ,” ಎಂದರು ಟೀಚರ್. “ನಾಳೇನೂ ಬಾ.”