ಬಿಳಿ ಕೋಟಿನ ಕಾಜಾಕ್ಕ

"ಡಾಕ್ಟ್ರು ಯಾವತ್ತಾದ್ರೂ ತೋಳಲ್ಲಿ ಮೂಗು ಒರೆಸ್ಕೊಂಡಿದ್ದು ನೋಡಿದ್ದೀಯೇನೇ, ದರಿದ್ರದೋಳೇ? ಕೋಟಿಗೆ ಕಲೆ ಆಗ್ಲಿ, ನಿನ್ನ ಚರ್ಮ ಸುಲಿದು ಇನ್ನೊಂದು ಹೊಲಿಸ್ತೀನಿ!"

ಬೈದದ್ದು ಸೂಪರ್‌ವೈಸರ್. ಬೈಸಿಕೊಂಡವಳು ಕಾಜಾಕ್ಕ. ಗುಂಡಿ ತೂರುವ ಕಾಜಾ ಹೊಲಿಯುವುದೇ ಹದಿನೆಂಟು ವರ್ಷಗಳಿಂದ ಅವಳ ಕೆಲಸ, ಹಾಗಾಗಿ ಆ ಹೆಸರು. ನಮ್ಮ ಶೆಡ್ಡಿನಲ್ಲಿ ಹೊಲಿಯುವುದು ಆಸ್ಪತ್ರೆಗಳಿಗೆ ಬೇಕಾದ ಬಿಳಿ ಕೋಟು. ದಿನಕ್ಕೆ ನಾನೂರು ಡಾಕ್ಟರರನ್ನು ಹೊಲಿದು, ಇಸ್ತ್ರಿ ಮಾಡಿ, ಮಡಚಿ ಪೆಟ್ಟಿಗೆಗೆ ತುಂಬುತ್ತೇವೆ. ನಮಗೆ ಜ್ವರ ಬಂದಾಗ ಒಬ್ಬನೂ ಸಿಗುವುದಿಲ್ಲ.

ನಮ್ಮಂಥ ಕಡೆ ದುಡಿಯುವ ಚಿಕ್ಕ ಹುಡುಗಿಯರಿಗೆ ಮೈಯ ತಿಳಿವಳಿಕೆ ಹೇಳಿಸಲೆಂದು ಸರ್ಕಾರ ವರ್ಷ ವರ್ಷ ದುಡ್ಡು ಕೊಡುತ್ತದೆ. ಬಸಿರು ಹೇಗಾಗುತ್ತದೆ, ಬೇಡವಾದರೆ ಏನು ಮಾಡಬೇಕು, ಯಾರನ್ನು ಕೇಳಬೇಕು, ಇಂಥದ್ದು. ಆ ದುಡ್ಡಿನಲ್ಲಿ ಮ್ಯಾನೇಜರ ಕೋಣೆಗೆ ಏಸಿ ಬಂದಿದೆ, ಸೋಫಾ ಬಂದಿದೆ. ಡಾಕ್ಟರು ಮಾತ್ರ ಬಂದಿಲ್ಲ. ಇಷ್ಟು ವರ್ಷ ಲಾರಿ ಡ್ರೈವರಿಗೇ ಒಂದು ಕೋಟು ತೊಡಿಸಿ, ನಮ್ಮ ಮುಂದೆ ನಿಲ್ಲಿಸಿ, ಫೋಟೋ ಹೊಡೆದು ಕಳಿಸುತ್ತಿದ್ದರು. ಹೋದ ವರ್ಷದ ಫೋಟೋದಲ್ಲಿ ಡಾಕ್ಟರ ಕಿವಿಯ ಸಂದಿಯಲ್ಲಿ ಅರ್ಧ ಸೇದಿದ ಸಿಗರೇಟಿತ್ತು. ದುಡ್ಡು ಕೊಡುವ ಇಲಾಖೆಗೆ ಅನುಮಾನ ಬಂತು. ಈ ಸಲ ಲೇಡಿ ಡಾಕ್ಟರೇ ಆಗಬೇಕು, ಇಲಾಖೆಯ ಮೇಡಂ ಖುದ್ದಾಗಿ ಬಂದು ನೋಡುತ್ತಾರೆ ಎಂದು ಕಾಗದ ಬಂತು.

ಇಡೀ ಶೆಡ್ಡಿನಲ್ಲಿ ಕನ್ನಡಕವಿದ್ದದ್ದು ಕಾಜಾಕ್ಕನಿಗೆ ಮಾತ್ರ. ಡಾಕ್ಟರಾಗಲು ಅಷ್ಟು ಸಾಕಾಯಿತು.

ಮ್ಯಾನೇಜರು ಹೊರಗೆ ಬಂದು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೋಡಮ್ಮಾ, ನೀನು ಬಾಯಿ ಬಿಡಬಾರದು. ಆ... ಆ ವಿಷಯ ನಾನು ಹೇಳ್ತೀನಿ. ನೀನು ಸುಮ್ನೆ ಕೋಲು ಹಿಡ್ಕೊಂಡು ಚಾರ್ಟ್ ತೋರಿಸು."

ಗೋಡೆಯ ಮೇಲಿದ್ದದ್ದು ಹಲ್ಲುಜ್ಜುವ ಚಾರ್ಟು. ಇಲಾಖೆ ಕಳಿಸಿದ್ದ ಚಾರ್ಟನ್ನು "ಥೂ, ಹೆಣ್ಮಕ್ಕಳು ನೋಡೋದಾ ಇದು" ಎಂದು ಅವರೇ ಬೀರುವಿಗೆ ಹಾಕಿ ಬೀಗ ಜಡಿದಿದ್ದರು. ಆಗಾಗ ಬೀಗ ತೆಗೆದು, ಹಾಳಾಗಿಲ್ಲ ತಾನೇ ಎಂದು ಒಬ್ಬರೇ ನೋಡಿಕೊಳ್ಳುತ್ತಾರೆಂಬುದು ಗುಡಿಸುವವಳ ವರದಿ.

ಅವರು ಬೆನ್ನು ತಿರುಗಿಸಿದ್ದೇ ತಡ, ಗಿಳಿ ಗಂಟಲು ಸರಿಮಾಡಿಕೊಂಡಳು. ಇವಳು ದಾರ ಕತ್ತರಿಸುವವಳು. ಯಾರ ದನಿಯನ್ನಾದರೂ ಹಾಗೇ ಅಣಕಿಸುತ್ತಾಳೆಂದು ಆ ಹೆಸರು. "ನೋಡ್ರಮ್ಮಾ, ಆ... ಆ ವಿಷಯದಿಂದ ಆ... ಆ ಪದಾರ್ಥ ಹುಟ್ಟತ್ತೆ. ಹುಟ್ಟಿದ್ಮೇಲೆ ಅದಕ್ಕೆ ಹಲ್ಲು ಬರತ್ತೆ. ಬಂದ ಹಲ್ಲನ್ನ ಉಜ್ಜಬೇಕು. ಪಾಠ ಮುಗೀತು!"

ನಾವೆಲ್ಲ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಕ್ಕೆವು. ಕಾಜಾಕ್ಕ ನಗಲಿಲ್ಲ. ಅವಳ ಕಣ್ಣು ಜೇಬು ಹೊಲಿಯುವ ಮೆಷಿನ್ನಿನ ಮೇಲಿತ್ತು.

ಎರಡು ತಿಂಗಳ ಹಿಂದೆ ಅದರ ಮುಂದಿನ ಸ್ಟೂಲಿನ ಮೇಲೆ ಹದಿನೇಳರ ಒಬ್ಬ ಹುಡುಗಿ ಕೂರುತ್ತಿದ್ದಳು. ಹೊಟ್ಟೆಯುಬ್ಬರ ಅಂದುಕೊಂಡು ಐದು ತಿಂಗಳು ಬಿಸಿನೀರು ಕುಡಿದಳು. ಅದು ಏನೆಂದು ಅವಳಿಗಿಂತ ಮೊದಲು ಗೊತ್ತಾದದ್ದು ಸೂಪರ್‌ವೈಸರಿಗೆ. "ಕೋಟು ಹೊಲಿಯೋ ಜಾಗ ಇದು, ತೊಟ್ಟಿಲು ತೂಗೋದಲ್ಲ, ನಡಿಯೇ ಹಾದರಗಿತ್ತಿ" ಎಂದು ಎಲ್ಲರೆದುರು ಗೇಟಿನಾಚೆ ನೂಕಿದ. ಆ ಸ್ಟೂಲಿನ ಮೇಲೆ ಈಗ ಕೂತಿದ್ದವಳು ಕಾಜಾಕ್ಕನ ಮಗಳು. ಹದಿನಾರು ತುಂಬಿ ಮೂರು ವಾರ.

"ನಿನ್ನ ಮಗಳಿಗೆ ನೀನೇ ಹೇಳ್ಬಾರ್ದೇನಕ್ಕಾ?" ಎಂದಳು ಗಿಳಿ, ತನ್ನದೇ ದನಿಯಲ್ಲಿ.

"ಮೂರು ಸಲ ಶುರು ಮಾಡ್ದೆ ಕಣೇ. ಮೂರು ಸಲಾನೂ 'ತಲೆ ಬಾಚ್ಕೋ ಹೋಗು' ಅಂತ ಮುಗಿಸ್ದೆ."

"ಅದಕ್ಕೇ ಅವಳ ಜಡೆ ಅಷ್ಟು ಚೆಂದ!"

"ನಗಬೇಡ್ವೇ. ನಮ್ಮಮ್ಮ ನಂಗೂ ಹಿಂಗೇ ಬಾಚಿ ಬಾಚಿ ಕಳಿಸಿದ್ಲು. ಹದಿನಾರಕ್ಕೆ ಇವಳ ಅಣ್ಣನ್ನ ಹೆತ್ತೆ. ಈ ಸಲ ನಿಜವಾದ ಡಾಕ್ಟ್ರಮ್ಮ ಬರ್ತಾರೆ, ನನ್ನ ಬಾಯಿಗೆ ಬರದೇ ಇದ್ದದ್ದನ್ನ ಅವರು ಹೇಳ್ತಾರೆ ಅಂತ ಕಾಯ್ತಾ ಇದ್ದೆ." ಅವಳು ಕೋಟಿನ ಅಂಚು ಹಿಡಿದೆಳೆದಳು. "ಬಂದ್ರು ನೋಡು ಡಾಕ್ಟ್ರಮ್ಮ."

ಹನ್ನೊಂದಕ್ಕೆ ಇಲಾಖೆಯ ಮೇಡಂ ಬಂದರು. ಮೆಷಿನ್ನುಗಳು ನಿಂತವು. ಚಿಕ್ಕವರು ಮುಂದೆ, ನಾವು ಹಿಂದೆ. ತಲೆಯ ಮೇಲೆ ಹನ್ನೆರಡು ಫ್ಯಾನು ಗರಗರ ಎನ್ನುತ್ತಿದ್ದವು. ಮೂರನೇ ಸಾಲಿನಾಚೆಗೆ ಮಾತು ಮುಟ್ಟುವುದೇ ಇಲ್ಲ.

ಮ್ಯಾನೇಜರು ಶುರು ಮಾಡಿದರು. ಶುಚಿಯಾಗಿರಬೇಕು. ತಲೆ ತಗ್ಗಿಸಿ ನಡೆಯಬೇಕು. ಆ... ಆ ವಿಷಯಗಳೆಲ್ಲ ಕಾಲ ಬಂದಾಗ ತಾನಾಗಿ ತಿಳಿಯುತ್ತವೆ. ಕಾಜಾಕ್ಕ ದವಡೆ ಹಲ್ಲಿನ ಮೇಲೆ ಕೋಲಿಟ್ಟು ನಿಂತಿದ್ದಳು. ಮೇಡಂ ಹಲ್ಲಿನ ಚಾರ್ಟನ್ನು ನೋಡಿದರು, ಕೈಗಡಿಯಾರ ನೋಡಿದರು, ಪೆನ್ನು ತೆಗೆದರು. "ಯಾರಿಗಾದ್ರೂ ಏನಾದ್ರೂ ಕೇಳೋದಿದ್ಯಾ? ಇಲ್ಲ ಅಂದ್ರೆ ಸಹಿ ಹಾಕ್ತೀನಿ."

"ಏನೂ ಇಲ್ಲ ಮೇಡಂ, ಎಲ್ಲಾ ಒಳ್ಳೇ ಮನೆ ಮಕ್ಕಳು" ಎಂದರು ಮ್ಯಾನೇಜರು.

ಜೇಬಿನ ಮೆಷಿನ್ನಿನ ಹುಡುಗಿ ಎದ್ದು ನಿಂತಳು.

"ಡಾಕ್ಟ್ರಮ್ಮಾ," ಎಂದಳು ತನ್ನ ತಾಯಿಗೆ, ತುಟಿಯಂಚಿನಲ್ಲಿ ನಗು ಕಚ್ಚಿಕೊಂಡು. ಆಮೇಲೆ ಆ ನಗು ಹೋಯಿತು. "ನಂಗಿಂತ ಮುಂಚೆ ಇಲ್ಲಿ ಕೂತಿದ್ದ ಅಕ್ಕಂಗೆ ಐದು ತಿಂಗಳು ಗೊತ್ತೇ ಆಗ್ಲಿಲ್ವಂತೆ. ಹಂಗೂ ಆಗತ್ತಾ? ನಂಗಾದ್ರೆ ಹೆಂಗೆ ಗೊತ್ತಾಗತ್ತೆ?"

"ಕೂತ್ಕೊಳ್ಳೇ, ಬಾಯ್ಬಡುಕಿ!" ಸೂಪರ್‌ವೈಸರ್ ಕೈಯೆತ್ತಿಕೊಂಡು ಬಂದ.

ಕಾಜಾಕ್ಕ ಕೋಲನ್ನು ದವಡೆ ಹಲ್ಲಿನಿಂದ ತೆಗೆದು ಅವನೆದುರು ಅಡ್ಡ ಹಿಡಿದಳು.

"ಮೇಡಂ, ನಾನು ಡಾಕ್ಟ್ರಲ್ಲ. ಇದಕ್ಕೆ ಕಾಜಾ ಹೊಡೆದೋಳು. ನನ್ನ ಹುಡುಗಿ ಕೇಳ್ತಿದ್ದಾಳೆ, ಹೇಳ್ಬಿಡ್ತೀನಿ." ಅವಳ ಕಿವಿ ಕೆಂಪಗಾಗಿತ್ತು. ಮಗಳ ಜಡೆಯ ಕಡೆ ಒಮ್ಮೆ ನೋಡಿದಳು. "ಆಗತ್ತೆ ಮಗಳೇ. ನಂಗೂ ನಾಲ್ಕು ತಿಂಗಳು ಗೊತ್ತಾಗ್ಲಿಲ್ಲ. ತಿಂಗಳ ಮುಟ್ಟು ತಪ್ಪಿದ್ರೆ ಮೊದಲು ಅದನ್ನೇ ಅನುಮಾನ ಪಡು. ಮೊದಲ್ನೇ ಸಲ ಏನೂ ಆಗಲ್ಲ ಅಂತ ಯಾವನಾದ್ರೂ ಹೇಳಿದ್ರೆ ಅವನ ಬಾಯಿಗೆ ಹಳೇ ಚಪ್ಪಲಿ. ಕಾಜಾ ತಪ್ಪಿದ್ರೆ ಬಿಚ್ಚಿ ಹೊಲೀಬಹುದು, ಇದು ಹಂಗಲ್ಲ. ನಿಂಗೆ ಬೇಡ ಅನ್ನಿಸಿದ್ರೆ ಬೇಡ. ಯಾವನಿಗೂ ಕಾರಣ ಹೇಳ್ಬೇಕಾಗಿಲ್ಲ. ಆಮೇಲೆ, ಕಾಂಡೋಮ್ ಅಂತ..."

ಆ ಪದ ಕೇಳಿದ್ದೇ ಮ್ಯಾನೇಜರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು, ಪಟಾಕಿ ಹೊತ್ತಿಸಿದವರ ಹಾಗೆ.

"ಥೂ, ನಾಚಿಕೆಗೆಟ್ಟೋಳೇ! ನಾಳೆಯಿಂದ ಈ ಗೇಟ್ ತುಳೀಬೇಡ!"

"ನಾಳೆ ತಾನೇ ಸಾರ್?" ಎಂದಳು ಕಾಜಾಕ್ಕ. "ಇವತ್ತಿನ್ನೂ ಅರ್ಧ ಇದೆ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. ಸಹಿ ಮಾಡಲಿಲ್ಲ. ಎದ್ದೂ ಹೋಗಲಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ.

"ಎಲ್ಲಾ ಮೆಷಿನ್ನಿಗೆ ಹೋಗ್ರೇ!" ಸೂಪರ್‌ವೈಸರ್ ಚೀರಿದ. ಒಬ್ಬಳೂ ಏಳಲಿಲ್ಲ. ಗಿಳಿ ಅವನ ದನಿಯಲ್ಲೇ, ಅವನಿಗಿಂತ ಜೋರಾಗಿ, "ಎಲ್ಲಾ ಕೂತ್ಕೊಳ್ರೇ!" ಎಂದಳು. ಕೂತಿದ್ದ ನಾವು ಇನ್ನೂ ಸ್ವಲ್ಪ ಗಟ್ಟಿಯಾಗಿ ಕೂತೆವು.

ಮ್ಯಾನೇಜರು ಗೋಡೆಯ ಕಡೆ ಓಡಿ ಮೇನ್ ಸ್ವಿಚ್ಚು ಎಳೆದರು. ದೀಪಗಳು ಆರಿದವು. ಹನ್ನೆರಡು ಫ್ಯಾನುಗಳು ಗರಗರ ನಿಲ್ಲಿಸಿ, ಒಂದೆರಡು ಸುತ್ತು ಸುಮ್ಮನೆ ತಿರುಗಿ ನಿಂತವು.

ಶೆಡ್ಡಿನ ಕೊನೇ ಸಾಲಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಪಕ್ಕ ಕೂತಿದ್ದ, ಆರು ಹೆತ್ತ ಮುದುಕಿ ತಲೆಯೆತ್ತಿದಳು.

"ಹಾಂ, ಈಗ ಕೇಳಿಸತ್ತೆ ಕಣೇ ಹುಡುಗೀ. ಮೊದಲಿಂದ ಹೇಳು."