ಹನ್ನೆರಡು ಸಾವಿರ ಕಿಲೋಮೀಟರು, ಡಬ್ಬಿಯ ಟೈಮು

1

ಎಲ್ಲಿಂದ ಶುರು ಮಾಡಲಿ? ವಿಮಾನ ಹತ್ತುವ ನಿಲ್ದಾಣದಿಂದಲೋ, ಇಳಿಯುವ ನಿಲ್ದಾಣದಿಂದಲೋ? ನಡುವೆ ಹನ್ನೆರಡು ಸಾವಿರ ಕಿಲೋಮೀಟರು ಆಕಾಶವಿದೆ. ಆಕಾಶದಿಂದ ಶುರುವಾದ ಕಥೆ ನೆಲಕ್ಕಿಳಿದದ್ದನ್ನು ನಾನಂತೂ ಕಂಡಿಲ್ಲ. (ನನ್ನವೂ ಸೇರಿ.)

1, ಮತ್ತೊಮ್ಮೆ

ಡಬ್ಬಿಯಿಂದ ಶುರು ಮಾಡುತ್ತೇನೆ. ನೀಲಿ ಡಬ್ಬಿ, ಒಳಗೆ ಐಸ್ ಪ್ಯಾಕು, ಅದರ ನಡುವೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಅಸ್ಥಿಮಜ್ಜೆ. ಅದನ್ನು ಹೊತ್ತವರು ಡ್ರೈವರಮ್ಮ. ಮೂವತ್ತು ವರ್ಷ ಶಾಲೆ ವ್ಯಾನ್ ಓಡಿಸಿ ನಿವೃತ್ತರಾದವರು, ಈಗ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಆ ಕಡೆಯ ಆಸ್ಪತ್ರೆಯಲ್ಲಿ ಒಬ್ಬ ಗಾರೆ ಮೇಸ್ತ್ರಿ ಮಲಗಿದ್ದಾನೆ. ಅವನ ಸ್ವಂತ ಮಜ್ಜೆಯನ್ನು ಔಷಧಿ ಕೊಟ್ಟು ಆಗಲೇ ಸುಟ್ಟಿದ್ದಾರೆ. ಡಬ್ಬಿ ಹೊತ್ತಿಗೆ ಸರಿಯಾಗಿ ಮುಟ್ಟದಿದ್ದರೆ ಅವನು ಉಳಿಯುವುದಿಲ್ಲ. ವಿಮಾನ ಹೊರಡುವಾಗ ಮಜ್ಜೆಗೆ ಇನ್ನು ಇಪ್ಪತ್ತು ಗಂಟೆ ಆಯುಸ್ಸು.

2

ವಿಮಾನ ಬೆಳಿಗ್ಗೆ ಎಂಟಕ್ಕೆ ಹೊರಟಿತು, ಮಧ್ಯಾಹ್ನ ಎರಡಕ್ಕೆ ಇಳಿಯಿತು. ಆರು ಗಂಟೆಯ ಪ್ರಯಾಣ. ಇನ್ನೂ ಹದಿನಾಲ್ಕು ಗಂಟೆ ಕೈಯಲ್ಲಿದೆಯಲ್ಲ ಎಂದು ಆರಾಮಾಗಿ ಬರೆದೆ: ‘ಇಳಿದ ಕೂಡಲೇ ಡ್ರೈವರಮ್ಮ ಗೋಡೆ ಗಡಿಯಾರ ನೋಡಿ ತಮ್ಮ ವಾಚಿನ ಮುಳ್ಳು ತಿರುಗಿಸಿಕೊಂಡರು. ಆಮೇಲೆ ಹೋಟೆಲಿಗೆ ಹೋಗಿ ಬಿಸಿನೀರು ಸ್ನಾನ ಮಾಡಿ...’

“ಏನ್ರೀ ಕಥೆಗಾರ್ರೇ, ತಲೆ ನೆಟ್ಟಗಿದೆಯಾ?”

(ಪಾತ್ರಗಳು ವಾಕ್ಯದ ಮಧ್ಯೆ ಬಾಯಿ ಹಾಕಬಾರದೆಂದು ಇವರಿಗೆ ಯಾರೂ ಹೇಳಿಲ್ಲ.)

“ಯಾಕಮ್ಮ, ಏನಾಯ್ತು?”

“ನನ್ನ ವಾಚು ಮುಟ್ಟೋಕೆ ನೀವ್ಯಾರು? ಇದು ಡಬ್ಬಿ ಟೈಮು, ಮಜ್ಜೆ ತೆಗೆದ ಊರಿನ ಟೈಮು. ಡಾಕ್ಟರ ಕೈಗೆ ಕೊಡೋವರೆಗೂ ಡಬ್ಬಿ ಹೊರೋ ನಾವ್ಯಾರೂ ಇದನ್ನ ತಿರುಗಿಸಲ್ಲ. ಇದರಲ್ಲಿ ಈಗ ರಾತ್ರಿ ಹತ್ತು.”

“ಅಂದ್ರೆ?”

“ಅಂದ್ರೆ ಹಾರಿದ್ದು ಹದಿನಾಲ್ಕು ಗಂಟೆ, ಉಳಿದಿರೋದು ಬರೀ ಆರು. ಆಸ್ಪತ್ರೆಗೆ ರೋಡಲ್ಲೇ ಐದು ಗಂಟೆ ಬೇಕು. ನೀವು ನೋಡಿದ್ರೆ ನನಗೆ ಸ್ನಾನ ಮಾಡಿಸ್ತಾ ಕೂತಿದ್ದೀರಿ!”

ನನಗೆ ನಾಚಿಕೆಯಾಯಿತು. ಈ ಊರಿನ ಗಡಿಯಾರದಿಂದ ಆ ಊರಿನದನ್ನು ಕಳೆದು, ಮೇಸ್ತ್ರಿಯ ಎಂಟು ಗಂಟೆ ನುಂಗಿಹಾಕಿದ್ದೆ.

4

(ಮೂರನೆಯದು ಹೋಟೆಲು. ಹರಿದುಹಾಕಿದೆ.)

“ದಾರಿಯಲ್ಲಿ ಸ್ವಲ್ಪ ಮಂಜು ಹಾಕ್ಲಾ ಅಮ್ಮ? ಸಸ್ಪೆನ್ಸ್ ಇರುತ್ತೆ.”

“ಓದೋರಿಗೆ ಮಜಾ ಬರ್ಲಿ ಅಂತ ಅಲ್ಲೊಬ್ಬನ್ನ ಸಾಯಿಸ್ತೀರಾ? ತೆಗೀರಿ ಮಂಜು.”

“ಹಾಗಾದ್ರೆ ಸುಖಾಂತ್ಯ? ಮೇಸ್ತ್ರಿ ಎದ್ದು ಕೂತು ನಗ್ತಾನೆ.”

“ನಿಮಗೆ ಹೇಗ್ರೀ ಗೊತ್ತು? ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇದೆ. ಮೂವತ್ತು ವರ್ಷದಲ್ಲಿ ಒಂದು ದಿನವೂ ಬೆಲ್ ಹೊಡೆದ್ಮೇಲೆ ಮಕ್ಕಳನ್ನ ಇಳಿಸಿದೋಳಲ್ಲ ನಾನು. ನೀವು ಬರಕೊಂಡಿರಿ, ನಾನು ಹೊರಟೆ.”

5

ನಾವು ಜಗಳವಾಡಿದ ಹೊತ್ತೂ ಡಬ್ಬಿಯ ಲೆಕ್ಕದಲ್ಲೇ ಕಳೆದಿದೆ ಎಂದು ನನಗೆ ಆಗ ಹೊಳೆಯಿತು. ಮಂಜು ತೆಗೆದೆ. ಟ್ರಾಫಿಕ್ ತೆಗೆದೆ. ಪಾಸ್‌ಪೋರ್ಟ್ ಕೌಂಟರಿನ ಮುಂದೆ ನಾನೇ ನಿಲ್ಲಿಸಿದ್ದ ಅರವತ್ತು ಜನರ ಸಾಲನ್ನೂ ಅಳಿಸಿದೆ. ಡ್ರೈವರಮ್ಮ ಡಬ್ಬಿಯನ್ನು ಎದೆಗವಚಿಕೊಂಡು ಬಿರಬಿರನೆ ಬರುತ್ತಿದ್ದಾರೆ. ವಾಚಿನಲ್ಲಿ ಹತ್ತೂ ಇಪ್ಪತ್ತು. ಮುಂದೇನಾಯಿತೆಂದು ನನ್ನನ್ನು ಕೇಳಬೇಡಿ, ಅದನ್ನು ಬರೆಯುವವರೆಗೆ ನಿಲ್ಲಲು ಅವರಿಗೆ ಪುರುಸೊತ್ತಿಲ್ಲ. ನಿಲ್ದಾಣದ ಬಾಗಿಲಿಗೆ ಅಡ್ಡವಾಗಿ ಈಗ ಉಳಿದಿರುವುದು ಓದುತ್ತಾ ನಿಂತ ನೀವೊಬ್ಬರೇ. ಸ್ವಲ್ಪ ಸರಿದು ದಾರಿ ಬಿಡಿ.