ಪವಾಯಿ ಕೆರೆ, ಪೆರೇರಾನ ವೈನ್ ಮತ್ತು ನಮ್ಮ ಸೋಮವಾರ

ನಮ್ಮ ಯಜಮಾನರು ರಮಾನಾಥರಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದು ನನಗೆ ಮದುವೆಯಾದ ವಾರದಲ್ಲೇ ಗೊತ್ತಾಯಿತು. ಮುಂಬಯಿಯ ಭಾಂಡುಪ್ ಸ್ಟೇಷನ್ನಿನ ಹತ್ತಿರ ನಮ್ಮದೊಂದು ಸಣ್ಣ ಹೋಟೆಲು. ಅದಕ್ಕೆ ರಜೆ ಎಂಬುದೇ ಇರಲಿಲ್ಲ. ಚಟ್ನಿಗೆ ಕಾಯಿ ತುರಿದು ತುರಿದು ನನ್ನ ಅಂಗೈ ಒರಟಾಗಿ ಹೋಗಿದೆ. ತಿಂಗಳಿಗೆ ಒಂದು ಸೋಮವಾರವಾದರೂ ಬಾಗಿಲು ಹಾಕಿ ಎಂದು ಕೇಳುತ್ತಲೇ ಬಂದಿದ್ದೆ. ಗಿರಾಕಿ ಒಮ್ಮೆ ಎದುರಿನ ಹೋಟೆಲಿನ ಮೆಟ್ಟಿಲು ಹತ್ತಿದರೆ ತಿರುಗಿ ಬರುವುದಿಲ್ಲ ಎಂಬುದು ಅವರ ಒಂದೇ ಉತ್ತರ.

ಎಂಬತ್ತೆಂಟರ ಡಿಸೆಂಬರಿನಲ್ಲಿ ದೊಡ್ಡ ಪೈಪಿನ ರಿಪೇರಿಗೆಂದು ಒಂದು ದಿನ ನಮ್ಮ ಕಡೆ ನೀರು ಬಂದ್ ಆಯಿತು. ನೀರಿಲ್ಲದೆ ಹೋಟೆಲು ನಡೆಯುವುದಾದರೂ ಹೇಗೆ? ನಮಗೆ ಪಾವ್ ತಂದು ಹಾಕುವ ಪೆರೇರಾ ಪವಾಯಿ ಕೆರೆಯ ಪಕ್ಕದ ಹಳ್ಳಿಯವನು. ಕ್ರಿಸ್‌ಮಸ್ ಬಂತೆಂದರೆ ಅಲ್ಲಿ ಮನೆಮನೆಯಲ್ಲೂ ದ್ರಾಕ್ಷಿಯ ವೈನ್. ಭರಣಿಯ ಬಾಯಿ ತೆಗೆಯುವ ಹೊತ್ತಿಗೆ ಬನ್ನಿ, ದೋಣಿಯಲ್ಲೂ ಕೂರಿಸುತ್ತೇನೆ ಎಂದು ವರ್ಷವರ್ಷವೂ ಕರೆಯುತ್ತಿದ್ದ. ಇವತ್ತಾದರೂ ಹೋಗೋಣ ಎಂದೆ.

"ನೀರು ನೋಡ್ಲಿಕ್ಕೆ ಅಲ್ಲಿವರೆಗೆ ಹೋಗ್ಬೇಕಾ ಮಾರಾಯ್ತಿ? ನಲ್ಲಿಯಲ್ಲಿ ಬರ್ತದಲ್ಲ," ಎಂದರು.

"ಇವತ್ತು ನಲ್ಲಿಯಲ್ಲೂ ಇಲ್ಲ. ಅಂಗಿ ಹಾಕಿ."

ರಿಕ್ಷಾದಲ್ಲಿ ಮತ್ತೆ ರಜೆಯ ಮಾತೆತ್ತಿದೆ. ನಿಮಗೆ ಸುಮ್ಮನಿರಲು ಬರುವುದಿಲ್ಲ, ಅದಕ್ಕೇ ನನಗೂ ಬಿಡುವಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರಿಗೆ ರೋಷ ಬಂತು. ಅಲ್ಲೇ ಪಂಥ ಕಟ್ಟಿದೆವು. ಸಂಜೆಯವರೆಗೆ ಅವರು ನೆಂಟರ ಹಾಗೆ ಕೂತಿದ್ದರೆ ನಾನು ರಜೆಯ ಹೆಸರೆತ್ತಬಾರದು. ಹೋಟೆಲಿನ ಕೆಲಸಕ್ಕೆ ಕೈ ಹಾಕಿದರೋ, ಪ್ರತಿ ತಿಂಗಳ ಮೊದಲ ಸೋಮವಾರ ಬಾಗಿಲು ಬಂದ್.

ಕೆರೆಯ ದಂಡೆಯ ಬಂಡೆಯ ಮೇಲೆ ಒಬ್ಬ ಗಾಳ ಹಾಕಿ ಕೂತಿದ್ದ. ಎಷ್ಟು ಮೀನು ಸಿಕ್ಕಿತೆಂದು ಇವರು ವಿಚಾರಿಸಿದರು. ಬೆಳಗ್ಗೆಯಿಂದ ಒಂದೂ ಇಲ್ಲ ಎಂದು ಅವನು ಸಂತೋಷದಿಂದ ಹೇಳಿದ. ಅಂಥವನನ್ನು ಇವರು ಕಂಡೇ ಇರಲಿಲ್ಲ. ಇವನಿಗೆ ಸಂಬಳ ಕೊಡುವವರು ಯಾರು ಎಂದು ನನ್ನ ಕಿವಿಯಲ್ಲಿ ಕೇಳಿದರು.

ಪೆರೇರಾನ ದೋಣಿಯಲ್ಲಿ ಇವರು ಎರಡೂ ಅಂಚು ಬಿಗಿಯಾಗಿ ಹಿಡಿದು ಕೂತರು. ಇಲ್ಲಿ ಮೊಸಳೆ ಇದೆ, ಆದರೆ ಪಾಪದ್ದು, ದಿನವೆಲ್ಲ ಬಿಸಿಲಿಗೆ ಮಲಗಿರುತ್ತದೆ ಎಂದ ಪೆರೇರಾ. ನೋಡಿ ಕಲಿಯಿರಿ ಎಂದೆ ನಾನು. ಇವರ ಕೈಗೆ ಕೆಲಸವಿಲ್ಲದೆ ಅರ್ಧ ದಿನ ಕಳೆದೇ ಹೋಗಿತ್ತು. ಗೆದ್ದವರ ಕಳೆ ಆಗಲೇ ಮುಖದ ಮೇಲಿತ್ತು. ನನಗೆ ಮೈಯೆಲ್ಲ ಉರಿಯಿತು.

ಊಟದ ಮೇಲೆ ಪೆರೇರಾನ ಅಂಗಳದಲ್ಲಿ, ಮಾವಿನ ಮರದ ಕೆಳಗೆ ಮೇಜು ಹಾಕಿ ವೈನ್ ಕೊಟ್ಟರು. ಅವನ ಅಣ್ಣತಮ್ಮಂದಿರೂ ಬಂದು ಕೂತರು. ನಾನು ತುಟಿಗೆ ಮುಟ್ಟಿಸಿ ಕೆಳಗಿಟ್ಟೆ. ಲವಂಗ ಹಾಕಿದ ಹುಳಿ ಪಾನಕ, ಅಷ್ಟೇ. ಇವರು ಮೊದಲನೆಯದನ್ನು ಮರ್ಯಾದೆಗೆ ಕುಡಿದರು. ಎರಡನೆಯದನ್ನು ಪೆರೇರಾನ ಹೆಂಡತಿಯ ಒತ್ತಾಯಕ್ಕೆ ಕುಡಿದರು. ಮೂರನೆಯದಕ್ಕೆ ಯಾರೂ ಒತ್ತಾಯ ಮಾಡಿರಲಿಲ್ಲ.

ನನ್ನದೊಂದು ಬಿಟ್ಟು ಎಲ್ಲರ ಗ್ಲಾಸೂ ಖಾಲಿಯಾಗಿ ಮೇಜಿನ ಮೇಲೆ ನಿಂತವು. ಇವರ ಕಣ್ಣು ಅವುಗಳ ಮೇಲೆಯೇ ಇತ್ತು. ಇವರು ಎದ್ದರು. ನಾಲ್ಕು ಬೆರಳು ನಾಲ್ಕು ಗ್ಲಾಸಿನೊಳಗೆ ಹೊಕ್ಕವು. ಟಣ್ಣೆಂದು ಅಷ್ಟನ್ನೂ ಒಂದೇ ಕೈಯಲ್ಲಿ ಎತ್ತಿದರು. ಇನ್ನೊಂದು ಕೈ ಜೇಬಿನ ಕರ್ಚೀಫು ಎಳೆದು ಮೇಜನ್ನು ಈ ತುದಿಯಿಂದ ಆ ತುದಿಗೆ ಒರಸಿತು. ಆಮೇಲೆ ಪೆರೇರಾನ ಅಡುಗೆಮನೆಯ ಕಡೆ ಕತ್ತು ತಿರುಗಿಸಿ, ಹುಡುಗನಾಗಿ ಹೋಟೆಲಿಗೆ ಸೇರಿದಾಗ ಕಲಿತ ರಾಗದಲ್ಲೇ ಕೂಗಿದರು:

"ದೋ ಸಾದಾ, ಏಕ್ ಮಸಾಲಾ, ಜಲ್ದಿ!"

ಪೆರೇರಾನ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಅಂಗಳವೆಲ್ಲ ನಕ್ಕಿತು. ಇವರು ಮಾತ್ರ ಗ್ಲಾಸು ಹಿಡಿದ ತಮ್ಮ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡುತ್ತ ನಿಂತರು.

ಹಿಂದಿರುಗುವಾಗ ದಾರಿಯುದ್ದಕ್ಕೂ ವಾದ. ಅದು ಹೋಟೆಲಿನ ಕೆಲಸವೇ ಅಲ್ಲ, ಬರೀ ಸೌಜನ್ಯ ಎಂದರು. ಅದು ನಡೆಯಲಿಲ್ಲ ಎಂದಾದ ಮೇಲೆ ತಪ್ಪನ್ನು ವೈನಿನ ಮೇಲೆ ಹೊರಿಸಿದರು.

"ವೈನ್ ಹೊಟ್ಟೆಗೆ ಹೋದದ್ದು. ಕೈ ನಿಮ್ಮದೇ ಅಲ್ವಾ?" ಎಂದೆ.

"ಸರಿ, ಸೋಮವಾರದ್ದು ನೋಡುವ."

"ನೋಡುವುದೆಂತದ್ದು? ಬೋರ್ಡು ಬರೆಸಿ."

ಬರೆಸಿದರು. ಜನವರಿಯ ಮೊದಲ ಸೋಮವಾರ ಷಟರ್ ಏಳಲಿಲ್ಲ. ಪೇಪರ್ ತರುತ್ತೇನೆಂದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಬೋರ್ಡಿನ ಪಕ್ಕದಲ್ಲೇ ನಿಂತು, ಬಂದವರಿಗೆಲ್ಲ ಅದನ್ನೇ ಬಾಯಲ್ಲಿ ಹೇಳುತ್ತಿದ್ದಾರೆ. ದಿನಾ ನಮ್ಮಲ್ಲೇ ಇಡ್ಲಿ ತಿಂದು ಲೋಕಲ್ ಹಿಡಿಯುವ ಬ್ಯಾಂಕಿನ ಸತ್ಯಮೂರ್ತಿ ಎದುರಿಗೆ ನಿಂತಿದ್ದರು.

"ಇವತ್ತೊಂದು ದಿನ ಎದುರಿನವರಲ್ಲಿ ತಿನ್ನಿ ಸಾರ್," ಎಂದು ಇವರು ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು. "ಇಡ್ಲಿ ಪರವಾಗಿಲ್ಲ. ಸಾಂಬಾರು ಮಾತ್ರ ಹಾಕಿಸ್ಕೊಬೇಡಿ."

ನಾನು ರಿಕ್ಷಾ ನಿಲ್ಲಿಸಿ, ಪವಾಯಿ ಎಂದೆ. ಇವರು ಷಟರಿನ ಬೀಗವನ್ನು ಒಮ್ಮೆ ಎಳೆದು ನೋಡಿ ಹತ್ತಿ ಕೂತರು. ಪಾಪ ಅನಿಸಿತು. ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಇಳಿದು ಷಟರ್ ಎತ್ತಿಬಿಡುತ್ತಿದ್ದರು.